ಲೈಸೆನ್ಸ್‌ಗೆ ‘ಎಂಟು’ ಸಾಕು, ದೇವಿಮನೆ ಘಟ್ಟಕ್ಕೆ ಸಾಕೇ?

2024ರ ಮೇ ಕೊನೆಯಲ್ಲಿ ದೇಶದ ತುಂಬ ಒಂದು ಸುದ್ದಿ ಓಡಾಡಿತು. ಜೂನ್ 1ರಿಂದ ಲೈಸೆನ್ಸ್‌ಗಾಗಿ ಆರ್‌ಟಿಒದಲ್ಲಿ ಪರೀಕ್ಷೆ ಕೊಡಬೇಕಿಲ್ಲ, ಖಾಸಗಿ ಡ್ರೈವಿಂಗ್ ಸ್ಕೂಲಿನವರೇ ಗಾಡಿ ಓಡಿಸಿ ನೋಡಿ ಪಾಸು ಮಾಡುತ್ತಾರೆ ಎಂಬುದು ಅದರ ತಿರುಳು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಕೂಡಲೇ ಸ್ಪಷ್ಟನೆ ಕೊಟ್ಟಿತು: ಜೂನ್ 1ರಿಂದ ಬದಲಾಗುವುದು ಏನೂ ಇಲ್ಲ, ಸುದ್ದಿಯಲ್ಲಿ ಹೇಳುತ್ತಿರುವ ನಿಯಮ 2021ರ ಜುಲೈ 1ರಿಂದಲೇ ಜಾರಿಯಲ್ಲಿದೆ. ಆದರೆ ಸುದ್ದಿ ಹೋದಷ್ಟು ದೂರ ಸ್ಪಷ್ಟನೆ ಹೋಗಲಿಲ್ಲ. ಮಗನಿಗೋ ಮಗಳಿಗೋ 18 ತುಂಬಿ ಮನೆಯಲ್ಲಿ ಗಾಡಿಯ ಮಾತು ಎದ್ದಾಗ ಕಾರವಾರದಲ್ಲೂ ಶಿರಸಿಯಲ್ಲೂ ಅದೇ ಗೊಂದಲ ಮತ್ತೆ ಮೇಲೆ ಬರುತ್ತದೆ. ಯಾವ ಸ್ಕೂಲಿಗೆ ಸೇರಿಸಬೇಕು, ಸರ್ಟಿಫಿಕೇಟ್ ಇದ್ದರೆ ಸಾಕೇ, ಬೆಂಗಳೂರಿನ ಕಡೆ ನಡೆಯುವ ಎರಡು ದಿನದ ರೈಡಿಂಗ್ ಕೋರ್ಸಿಗೆ ಕಳಿಸಿದರೆ ಒಳ್ಳೆಯದೇ?

ಇಲ್ಲಿ ಮೂರು ಬೇರೆ ಬೇರೆ ವಿಷಯಗಳು ಒಂದೇ ಗಂಟಿನಲ್ಲಿ ಸೇರಿಕೊಂಡಿವೆ. ಲೈಸೆನ್ಸ್ ಸಿಗುವುದು ಒಂದು. ಪರೀಕ್ಷೆಯಿಂದ ವಿನಾಯಿತಿ ಸಿಗುವುದು ಇನ್ನೊಂದು. ಜುಲೈ ಮಳೆಯಲ್ಲಿ ಗಾಡಿ ಓಡಿಸಿಕೊಂಡು ಕ್ಷೇಮವಾಗಿ ಮನೆ ಮುಟ್ಟುವ ಕೌಶಲ ಮೂರನೆಯದು. ಮೊದಲ ಎರಡು ಕೈಗೆ ಬಂದ ಮಾತ್ರಕ್ಕೆ ಮೂರನೆಯದೂ ಬಂತು ಎಂದುಕೊಳ್ಳುವುದರಲ್ಲೇ ಅಪಾಯವಿದೆ.

ನಿಯಮ ಏನು ಹೇಳುತ್ತದೆ

ನಮ್ಮ ಊರುಗಳಲ್ಲಿ ಕಾಣುವ ಮಾಮೂಲಿ ಡ್ರೈವಿಂಗ್ ಸ್ಕೂಲುಗಳು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 24ನೇ ನಿಯಮದಡಿ ಪರವಾನಗಿ ಪಡೆದವು. ಇಲ್ಲಿ ಕಲಿತರೂ ಆರ್‌ಟಿಒ ಪರೀಕ್ಷೆ ತಪ್ಪುವುದಿಲ್ಲ. ಸ್ವಂತ ಬಳಕೆಯ ಬೈಕಿಗಾದರೆ ಸ್ಕೂಲಿಗೆ ಹೋಗಲೇಬೇಕು ಎಂಬ ನಿಯಮವೇ ಇಲ್ಲ. ಲರ್ನಿಂಗ್ ಲೈಸೆನ್ಸ್ ಮಾಡಿಸಿ, 30 ದಿನ ಕಳೆದ ಮೇಲೆ ಸೀದಾ ಹೋಗಿ ಬ್ರೇಕ್ ಇನ್‌ಸ್ಪೆಕ್ಟರ್ ಎದುರು ಗಾಡಿ ಓಡಿಸಿ ತೋರಿಸಿದರಾಯಿತು.

ಎರಡನೆಯ ಬಗೆ, ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರ. 2021ರಲ್ಲಿ ಸೇರಿಸಿದ 31ಬಿಯಿಂದ 31ಜೆವರೆಗಿನ ನಿಯಮಗಳು ಇದರದ್ದು. ದ್ವಿಚಕ್ರ, ತ್ರಿಚಕ್ರ ಮತ್ತು ಲಘು ವಾಹನಗಳಿಗಾದರೆ ಕನಿಷ್ಠ 1 ಎಕರೆ ಜಾಗ ಬೇಕು, ಭಾರಿ ವಾಹನಕ್ಕೆ 2 ಎಕರೆ. ರಸ್ತೆಗೆ ಇಳಿಯದೆಯೇ ಗಾಡಿ ಓಡಿಸಿದ ಅನುಭವ ಕೊಡುವ ಸಿಮ್ಯುಲೇಟರ್ ಯಂತ್ರ ಇರಬೇಕು, ಗೊತ್ತುಪಡಿಸಿದ ಟ್ರ್ಯಾಕ್ ಇರಬೇಕು. ತರಬೇತುದಾರ 12ನೇ ತರಗತಿ ಮುಗಿಸಿರಬೇಕು, ಕನಿಷ್ಠ 5 ವರ್ಷದ ಚಾಲನಾ ಅನುಭವ ಇರಬೇಕು. ಕಾರಿನ ಕೋರ್ಸಿಗೆ ನಾಲ್ಕು ವಾರದೊಳಗೆ 29 ಗಂಟೆ ನಿಗದಿಯಾಗಿದೆ. ಇಂಥ ಕೇಂದ್ರದಲ್ಲಿ ಪಾಸಾದವರಿಗೆ ಮಾತ್ರ ಆರ್‌ಟಿಒ ಚಾಲನಾ ಪರೀಕ್ಷೆಯಿಂದ ವಿನಾಯಿತಿ. ಹಾಗಿದ್ದರೂ ಲೈಸೆನ್ಸ್ ಕೊಡುವ ಅಧಿಕಾರ ಆರ್‌ಟಿಒ ಕೈಯಲ್ಲೇ ಉಳಿದಿದೆ. ಸಚಿವಾಲಯದ ಸ್ಪಷ್ಟನೆ ಒತ್ತಿ ಹೇಳಿದ್ದೂ ಇದನ್ನೇ. ಹಾಗಾಗಿ ಪೇಟೆಯ ಯಾವುದೋ ಸ್ಕೂಲು ‘ನಮ್ಮಲ್ಲಿ ಸೇರಿದರೆ ಟೆಸ್ಟ್ ಇಲ್ಲ’ ಎಂದರೆ, ಅದು ಯಾವ ನಿಯಮದಡಿ ಮಾನ್ಯತೆ ಪಡೆದಿದೆ ಎಂದು ದುಡ್ಡು ಕಟ್ಟುವ ಮೊದಲು ಕೇಳಬೇಕು.

‘ಎಂಟು’ ಏನನ್ನು ಅಳೆಯುತ್ತದೆ?

ಬೈಕಿನ ಲೈಸೆನ್ಸ್ ಎಂದ ಕೂಡಲೇ ಎಲ್ಲರ ಬಾಯಲ್ಲಿ ಬರುವ ಮಾತು ‘ಎಂಟು ಹಾಕುವುದು’. ಕಾಲು ನೆಲಕ್ಕೆ ತಾಗಿಸದೆ ನಿಧಾನವಾಗಿ ಎಂಟರ ಆಕಾರದಲ್ಲಿ ಸುತ್ತಿ ಬರಬೇಕು. ಇದನ್ನು ತೆಗೆದುಹಾಕುವಂತಿಲ್ಲ. ನಿಧಾನ ವೇಗದಲ್ಲಿ ಸಮತೋಲನ, ಕ್ಲಚ್ಚಿನ ಹದ, ತಿರುವಿನಲ್ಲಿ ಕತ್ತು ತಿರುಗಿಸಿ ಮುಂದೆ ನೋಡುವ ಅಭ್ಯಾಸ ಎಲ್ಲವೂ ಇದರಿಂದ ಗೊತ್ತಾಗುತ್ತದೆ. ಆದರೆ ಪ್ರಾಣ ಹೋಗುವ ಅಪಘಾತಗಳು ನಡಿಗೆಯ ವೇಗದಲ್ಲಿ ಆಗುವುದು ಅಪರೂಪ. 50ರಲ್ಲೋ 60ರಲ್ಲೋ ಹೋಗುತ್ತಿರುವಾಗ ಎದುರಿಗೆ ಹಠಾತ್ತನೆ ದನ ಬಂದರೆ ಸವಾರ ಮುಂದಿನ ಬ್ರೇಕನ್ನು ಹೇಗೆ ಹಿಡಿಯುತ್ತಾನೆ ಎಂಬುದನ್ನು ಎಂಟು ತೋರಿಸುವುದಿಲ್ಲ.

ಜಪಾನಿನಲ್ಲಿ ಮಾನ್ಯತೆ ಪಡೆದ ಸ್ಕೂಲಿನಲ್ಲಿ ಕಲಿತವರಿಗೆ ಲೈಸೆನ್ಸ್ ಕೇಂದ್ರದ ಚಾಲನಾ ಪರೀಕ್ಷೆ ಇರುವುದಿಲ್ಲ. ನಮ್ಮ 2021ರ ನಿಯಮ ಹಿಡಿದ ದಾರಿಯೂ ಹೆಚ್ಚುಕಡಿಮೆ ಅದೇ. ಆದರೆ ಅಲ್ಲಿನ ಸ್ಕೂಲಿನೊಳಗಿನ ಪರೀಕ್ಷೆ ಬಿಗಿಯಾಗಿದೆ. 30 ಸೆಂಟಿಮೀಟರ್ ಅಗಲ, 15 ಮೀಟರ್ ಉದ್ದದ ಹಲಗೆಯಂಥ ದಿಬ್ಬದ ಮೇಲೆ ಗಾಡಿಯನ್ನು 7 ಸೆಕೆಂಡಿಗೆ ಕಡಿಮೆಯಾಗದಂತೆ ನಿಧಾನವಾಗಿ ನಡೆಸಬೇಕು, ದೊಡ್ಡ ಬೈಕಾದರೆ 10 ಸೆಕೆಂಡು. ಆಮೇಲೆ 40 ಕಿ.ಮೀ. ವೇಗದಿಂದ ಬ್ರೇಕ್ ಹಿಡಿದು ಒಣ ನೆಲದಲ್ಲಿ 11 ಮೀಟರ್, ಒದ್ದೆ ನೆಲದಲ್ಲಿ 14 ಮೀಟರ್ ಒಳಗೆ ನಿಲ್ಲಬೇಕು. ನಮ್ಮ ಪರೀಕ್ಷೆಗೆ ಬೇಕಾಗಿರುವುದು ಈ ಎರಡನೆಯ ಅಂಶ. ನಿಧಾನ ಹೋಗುವುದು, ಗಬಕ್ಕನೆ ನಿಲ್ಲುವುದು, ಎರಡೂ ಸೇರಿದರೆ ತಾನೇ ಗಾಡಿ ಕೈವಶವಾಯಿತು ಎನ್ನುವುದು.

ಬೈಕಿನಲ್ಲಿ ಗುರು ಎಲ್ಲಿ ಕೂರಬೇಕು?

ಕಾರು ಕಲಿಸುವವರ ಕಾಲ ಬುಡದಲ್ಲೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ತಪ್ಪಿದರೆ ಪಕ್ಕದಲ್ಲಿದ್ದವರು ಒತ್ತುತ್ತಾರೆ. ಬೈಕಿನಲ್ಲಿ ಅದು ಆಗದು. ಹಿಂದೆ ಕುಳಿತವರು ಕೂಗಬಹುದು, ಕೈ ಹಾಕುವಂತಿಲ್ಲ. ಈ ಒಂದೇ ಕಾರಣಕ್ಕೆ ಮಾಮೂಲಿ ಸ್ಕೂಲುಗಳು ಕಾರಿನ ಮೇಲೆ ಗಮನ ಇಟ್ಟು ಬೈಕನ್ನು ಬಿಟ್ಟುಬಿಟ್ಟಿವೆ. ಬೈಕ್ ಕಲಿಕೆ ಮನೆಯವರ ಪಾಲಿಗೆ ಬಂದಿದೆ. ಅಣ್ಣನ ಗಾಡಿ, ಶಾಲೆ ಮೈದಾನ, ಕೊಯ್ಲಾದ ಗದ್ದೆ, ಇಳಿತದ ಹೊತ್ತಿನ ಗಟ್ಟಿ ಮರಳು. ಕಲಿಸುವವರಿಗೆ ಗೊತ್ತಿದ್ದಷ್ಟೇ ಕಲಿಯುವವರಿಗೆ ದಾಟುತ್ತದೆ, ಅವರ ತಪ್ಪುಗಳೂ ದಾಟುತ್ತವೆ. ‘ಮುಂದಿನ ಬ್ರೇಕ್ ಹಿಡಿಯಬೇಡ, ಬೀಳ್ತೀಯ’ ಎಂಬ ಮಾತು ತಲೆಮಾರಿನಿಂದ ತಲೆಮಾರಿಗೆ ಹರಿದು ಬಂದದ್ದು ಹೀಗೆ.

ಆ ಮಾತು ಅರ್ಧ ಮಾತ್ರ ನಿಜ. ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ. ಮುಂದಿನ ಟೈರು ನೆಲಕ್ಕೆ ಒತ್ತಿಕೊಳ್ಳುತ್ತದೆ, ಹಿಂದಿನದು ಹಗುರಾಗುತ್ತದೆ. ಆದ್ದರಿಂದ ಒಣ ರಸ್ತೆಯಲ್ಲಿ ಗಾಡಿಯನ್ನು ನಿಲ್ಲಿಸುವ ಬಲದ ಸುಮಾರು 70 ಪ್ರತಿಶತ ಮುಂದಿನ ಬ್ರೇಕಿನದೇ. ಹಿಂದಿನದನ್ನಷ್ಟೇ ಜೋರಾಗಿ ತುಳಿದರೆ ಹಗುರಾದ ಆ ಚಕ್ರ ಲಾಕ್ ಆಗಿ ಜಾರುತ್ತದೆ, ದೂರವೂ ಹೆಚ್ಚಾಗುತ್ತದೆ. ಮುಂದಿನದನ್ನು ಎಳೆದು ಹಿಡಿದಾಗ ಬೀಳುವುದೂ ಹೌದು, ಆದರೆ ಅದಕ್ಕೆ ಕಾರಣ ಭಾರ ಮುಂದೆ ವರ್ಗವಾಗುವ ಮೊದಲೇ ಒಮ್ಮೆಲೇ ಹಿಡಿಯುವುದು, ಇಲ್ಲವೇ ಹ್ಯಾಂಡಲ್ ತಿರುಗಿರುವಾಗ ಹಿಡಿಯುವುದು. ಮೊದಲು ಮೆದುವಾಗಿ, ಆಮೇಲೆ ಬಿಗಿಯಾಗಿ ಹಿಸುಕುವ ಈ ಹದ ಓದಿ ಬರುವಂಥದ್ದಲ್ಲ. ಸುರಕ್ಷಿತ ಜಾಗದಲ್ಲಿ, ನೋಡುವ ಕಣ್ಣಿನ ಮುಂದೆ, ಹತ್ತಾರು ಸಲ ಮಾಡಿ ಕೈಗೆ ಬರಬೇಕು. ಬೈಕ್ ತರಬೇತಿಗೆ ಮೊದಲು ಮೈದಾನ ಬೇಕು ಎನ್ನುವುದು ಅದಕ್ಕೇ.

ಬ್ರಿಟನ್ನಿನಲ್ಲಿ 1990ರಿಂದ ಒಂದು ಕಡ್ಡಾಯ ಆರಂಭಿಕ ತರಬೇತಿ ಇದೆ. ಅಲ್ಲಿ ಗುರುವಿನ ಸಮಸ್ಯೆಯನ್ನು ರೇಡಿಯೊದಿಂದ ಬಗೆಹರಿಸಿಕೊಂಡಿದ್ದಾರೆ. ಮೈದಾನದ ಪಾಠ ಮುಗಿದ ಮೇಲೆ ಕಲಿಯುವವರು ನಿಜವಾದ ರಸ್ತೆಗೆ ಇಳಿದು ಕನಿಷ್ಠ 2 ಗಂಟೆ ಓಡಿಸಬೇಕು. ಗುರು ಇನ್ನೊಂದು ಬೈಕಿನಲ್ಲಿ ಹಿಂದೆ ಬರುತ್ತಾ ಕಿವಿಯಲ್ಲಿ ಹೇಳುತ್ತಿರುತ್ತಾರೆ. ರಸ್ತೆಯಲ್ಲಿ ಒಬ್ಬ ಗುರುವಿಗೆ ಇಬ್ಬರಿಗಿಂತ ಹೆಚ್ಚು ಶಿಷ್ಯರು ಇರುವಂತಿಲ್ಲ. ಇದರಲ್ಲಿ ಪಾಸು-ಫೇಲು ಇಲ್ಲ. ಗುರುವಿಗೆ ತೃಪ್ತಿಯಾಗುವ ತನಕ ಪ್ರಮಾಣಪತ್ರ ಇಲ್ಲ, ಸಿಕ್ಕಿದ್ದು 2 ವರ್ಷಕ್ಕೆ ಮಾತ್ರ.

ಅಮೆರಿಕದಲ್ಲಿ 1973ರಲ್ಲಿ ಹುಟ್ಟಿದ ಮೋಟಾರ್‌ಸೈಕಲ್ ಸೇಫ್ಟಿ ಫೌಂಡೇಶನ್ನಿನ ಆರಂಭಿಕ ಕೋರ್ಸು ಬೇರೆ ಥರ. ಕಂಪ್ಯೂಟರಿನಲ್ಲಿ ಕೆಲವು ಗಂಟೆಯ ಪಾಠ, ಆಮೇಲೆ ಮೈದಾನದಲ್ಲಿ ಸುಮಾರು 10 ಗಂಟೆಯ ಸವಾರಿ. ಸಾರ್ವಜನಿಕ ರಸ್ತೆಗೆ ಹೋಗುವುದೇ ಇಲ್ಲ. ಅನೇಕ ರಾಜ್ಯಗಳಲ್ಲಿ ಇದು ಮುಗಿದರೆ ಚಾಲನಾ ಪರೀಕ್ಷೆಗೆ ವಿನಾಯಿತಿ. ಎರಡರಲ್ಲಿ ಬ್ರಿಟನ್ನಿನ ಕ್ರಮ ಉತ್ತರ ಕನ್ನಡದಂಥ ಕಡೆಗೆ ಹೆಚ್ಚು ಹೊಂದುತ್ತದೆ. ಇಲ್ಲಿನ ಅಪಾಯಗಳು ಇರುವುದು ರಸ್ತೆಯಲ್ಲಿ, ಅವನ್ನು ಮೈದಾನಕ್ಕೆ ತಂದು ತೋರಿಸಲು ಬರುವುದಿಲ್ಲ.

ಹಣ ಕೊಟ್ಟರೆ ನಮ್ಮಲ್ಲಿ ಸಿಗುವುದು

ದಕ್ಷಿಣ ಭಾರತದಲ್ಲಿ ಈಗ ಆಸಕ್ತರಿಗೆ ನಾನಾ ಬಗೆಯ ಕೋರ್ಸುಗಳಿವೆ. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿಗೆ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್ ಬಂದು ಹಂತ ಹಂತವಾಗಿ ತಿರುವಿನ ಪಾಠ ಹೇಳಿಕೊಟ್ಟಿದೆ. ಡಕಾರ್ ರ‍್ಯಾಲಿ ಪೂರೈಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಕೋಲಾರದ ಕಡೆ ಕಟ್ಟಿದ ಬಿಗ್ ರಾಕ್ ಡರ್ಟ್‌ಪಾರ್ಕ್ ಮಣ್ಣು-ಕಲ್ಲಿನ ಹಾದಿಯ ಸವಾರಿ ಕಲಿಸುತ್ತದೆ. ಹೋಂಡಾದಂಥ ತಯಾರಕ ಕಂಪನಿಗಳು ಟ್ರಾಫಿಕ್ ಪಾರ್ಕುಗಳಲ್ಲಿ ಮತ್ತು ಕಾಲೇಜುಗಳಲ್ಲಿ ನಡೆಸುವ ಸುರಕ್ಷತಾ ಕಾರ್ಯಕ್ರಮಗಳೂ ಇವೆ. ಅಪಾಯವನ್ನು ಮೊದಲೇ ಊಹಿಸುವುದನ್ನು ಸಿಮ್ಯುಲೇಟರ್ ಮೇಲೆ ಕಲಿಸುವುದು ಇವುಗಳ ಒಂದು ಭಾಗ.

ಇವನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬಾರದು. ಟ್ರ್ಯಾಕಿನಲ್ಲಿ ಎದುರಿನಿಂದ ಬಸ್ಸು ಬರುವುದಿಲ್ಲ, ತಿರುವಿನಾಚೆ ಮರಳಿಲ್ಲ, ಒಂದೇ ತಿರುವನ್ನು ಇಪ್ಪತ್ತು ಸಲ ಸುತ್ತಬಹುದು. ಅಲ್ಲಿ ಕಲಿತ ದೃಷ್ಟಿ ಮತ್ತು ಥ್ರಾಟಲ್ ಹಿಡಿತ ನಿಜಕ್ಕೂ ಬೆಲೆಯುಳ್ಳದ್ದು, ಆದರೆ ಅದು ಈಗಾಗಲೇ ಸವಾರಿ ಬಂದವರಿಗೆ. ಲೈಸೆನ್ಸ್ ಕೈಗೆ ಬಂದು ತಿಂಗಳಾಗಿರುವ ಹುಡುಗನಿಗೆ ವೇಗದ ರುಚಿಯೊಂದನ್ನೇ ಹತ್ತಿಸಿ ಕಳಿಸುವ ಸಾಧ್ಯತೆಯೂ ಇದೆ. ಮಣ್ಣಿನ ಕೋರ್ಸು ನನ್ನ ಅಂದಾಜಿನಲ್ಲಿ ಮಲೆನಾಡಿನವರಿಗೆ ಇನ್ನೂ ಹತ್ತಿರದ್ದು. ಕಾಲಡಿಯ ಗಾಡಿ ಜಾರಿದಾಗ ಗಾಬರಿಯಾಗದೆ ಇರುವುದನ್ನು ಮೈಗೆ ಕಲಿಸುತ್ತದೆ. ಸಿದ್ದಾಪುರದ ಸೀಮೆಯ ತೋಟದ ಹಾದಿಯಲ್ಲಿ ಅದು ನಿತ್ಯದ ಉಪಯೋಗ. ಕಂಪನಿಗಳ ಕಾರ್ಯಕ್ರಮ ಖರ್ಚಿಲ್ಲದ್ದು, ಹೊಸಬರಿಗೆ ಒಳ್ಳೆಯ ಮೊದಲ ಹೆಜ್ಜೆ. ಆದರೆ ಭಾಷಣ ಹೆಚ್ಚಾಗಿ ಸವಾರಿ ಕಡಿಮೆಯಾದರೆ ಕೈಗೆ ಹತ್ತುವುದು ಏನೂ ಇಲ್ಲ.

ಯಾವ ಕೋರ್ಸಾದರೂ ಮೊದಲು ಕೇಳಬೇಕಾದ್ದು ಗಂಟೆಯ ಲೆಕ್ಕ: ನಾನು ಸ್ವತಃ ಗಾಡಿಯ ಮೇಲೆ ಎಷ್ಟು ಹೊತ್ತು ಇರುತ್ತೇನೆ? ಒಬ್ಬ ಗುರುವಿಗೆ ಎಷ್ಟು ಜನ? ನನ್ನದೇ ಗಾಡಿಯಲ್ಲಿ ಅಭ್ಯಾಸವೋ, ಅವರ ಗಾಡಿಯಲ್ಲೋ? ಒದ್ದೆ ನೆಲದಲ್ಲಿ ಬ್ರೇಕ್ ಹಿಡಿಸುತ್ತಾರೋ? ಸ್ಕೂಟರ್ ಓಡಿಸುವವರಿಗೆ ಮೂರನೆಯ ಪ್ರಶ್ನೆ ಮುಖ್ಯ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ಮೇಲಿನ ಹೊಸ ಗಾಡಿಗಳಿಗೆ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾದಾಗ ಅದಕ್ಕಿಂತ ಚಿಕ್ಕವಕ್ಕೆ ಕಂಬೈಂಡ್ ಬ್ರೇಕ್ ಸಾಕು ಎಂದಾಯಿತು. ಅಂಥ ಸ್ಕೂಟರ್‌ನಲ್ಲಿ ಎಡಗೈ ಲಿವರ್ ಹಿಡಿದರೆ ಮುಂದಿನ ಚಕ್ರಕ್ಕೂ ಸ್ವಲ್ಪ ಬ್ರೇಕ್ ಬೀಳುತ್ತದೆ. ಎಬಿಎಸ್ ಬೈಕಿನ ಮೇಲೆ ಕಲಿತ ಧೈರ್ಯವನ್ನು ಎಬಿಎಸ್ ಇಲ್ಲದ ಸ್ಕೂಟರ್‌ಗೆ ತಂದರೆ ಕೆಲಸ ಕೆಡುತ್ತದೆ. ಎಬಿಎಸ್ ಇದ್ದರೂ ಒಂದೇ ಚಾನೆಲ್ಲಿನದಾದರೆ, ಅಂದರೆ ಮುಂದಿನ ಚಕ್ರಕ್ಕೆ ಮಾತ್ರ ಇದ್ದರೆ, ಹಿಂದಿನ ಚಕ್ರ ಲಾಕ್ ಆಗುವುದು ತಪ್ಪುವುದಿಲ್ಲ. ತನ್ನ ಗಾಡಿಯ ಬ್ರೇಕು ಯಾವ ಬಗೆಯದು ಎಂದು ತಿಳಿಯದೆ ಓಡಿಸುವವರು ಎಷ್ಟೋ ಮಂದಿ.

ನಮ್ಮ ರಸ್ತೆ ಕೇಳುವ ಪಾಠ

ಮಾಜಾಳಿಯಿಂದ ಭಟ್ಕಳದವರೆಗೆ ಹೆದ್ದಾರಿ 66 ಸಮುದ್ರದ ಮಗ್ಗುಲಲ್ಲಿ ಸಾಗುತ್ತದೆ. ಚತುಷ್ಪಥವಾದ ಕಡೆ ವೇಗ ಹೆಚ್ಚಿದೆ, ಆದರೆ ರಸ್ತೆಯ ಎರಡೂ ಬದಿಗೆ ಮನೆ, ಶಾಲೆ, ಗದ್ದೆ, ಮೀನು ಮಾರುವ ಜಾಗ ಹಾಗೇ ಇವೆ. ಸರ್ವಿಸ್ ರಸ್ತೆ ಇಲ್ಲದ ಕಡೆ ಒಂದು ಕಿ.ಮೀ. ಸುತ್ತಿ ಬರುವ ಬದಲು ಜನ ಎದುರು ದಿಕ್ಕಿನಲ್ಲೇ ಗಾಡಿ ತರುತ್ತಾರೆ. ಬಾಳೆಗುಳಿ ಕ್ರಾಸಿನಲ್ಲಿ ಹುಬ್ಬಳ್ಳಿ ಕಡೆಯ ಲಾರಿಗಳು ಸೇರುತ್ತವೆ, ಮಾದನಗೇರಿಯಲ್ಲಿ ಗೋಕರ್ಣಕ್ಕೆ ತಿರುಗುವ ಪ್ರವಾಸಿಗರು ಕೊನೆಯ ಕ್ಷಣದಲ್ಲಿ ಬ್ರೇಕ್ ಹಾಕುತ್ತಾರೆ. ಮೀನಿನ ಲಾರಿಯಿಂದ ಸೋರುವ ಮಂಜುಗಡ್ಡೆಯ ನೀರಿನಲ್ಲಿ ಮೀನೆಣ್ಣೆಯ ಜಿಡ್ಡು ಇರುತ್ತದೆ. ಮಳೆ ಹನಿಯುವ ಹೊತ್ತಿನಲ್ಲಿ ಆ ಗೆರೆ ಕಣ್ಣಿಗೆ ಕಾಣುವುದೇ ಇಲ್ಲ. ಟಿಪ್ಪರ್ ಚಕ್ರಕ್ಕೆ ಅಂಟಿ ಬಂದ ಕೆಂಪು ಮಣ್ಣು, ಸೇತುವೆಯ ಜೋಡಣೆಯಲ್ಲಿ ಕೂತ ಕಬ್ಬಿಣದ ಪಟ್ಟಿ, ರಸ್ತೆಗೆ ಬಳಿದ ಬಿಳಿ ಗೆರೆ, ಮರದ ನೆರಳಿನ ಕಾಂಕ್ರೀಟ್ ರಸ್ತೆಯ ಹಾವಸೆ, ಎಲ್ಲವೂ ಒಂದೇ ಕೆಲಸ ಮಾಡುತ್ತವೆ: ಟೈರಿನ ಹಿಡಿತ ಕಸಿಯುತ್ತವೆ.

ಮುಂಗಾರಿನ ಮೊದಲ ಮಳೆ ಇವೆಲ್ಲಕ್ಕಿಂತ ಕೆಟ್ಟದ್ದು. ಬೇಸಿಗೆಯಿಡೀ ರಸ್ತೆಯ ಮೇಲೆ ಕೂತ ಎಣ್ಣೆ, ದೂಳು, ರಬ್ಬರಿನ ಪುಡಿ ನೀರಿನ ಜತೆ ಕಲಸಿ ತೆಳ್ಳನೆಯ ಲೋಳೆಯಾಗುತ್ತದೆ. ಜೋರು ಮಳೆ ಬಿದ್ದು ತೊಳೆದುಹೋಗುವ ತನಕ ಅದು ಹಾಗೇ ಇರುತ್ತದೆ.

ಇಲ್ಲಿ ವೇಗದ ಗಣಿತವನ್ನು ಒಮ್ಮೆ ಬಿಡಿಸಿ ನೋಡಬೇಕು. ಜಪಾನಿನ ಪರೀಕ್ಷೆಯ ಅಳತೆಯನ್ನೇ ಹಿಡಿಯೋಣ, ಅಂದರೆ ಕಲಿತ ಕೈಯ ಬ್ರೇಕು. 40ರ ವೇಗದಲ್ಲಿ ಒದ್ದೆ ನೆಲದಲ್ಲಿ ನಿಲ್ಲಲು 14 ಮೀಟರ್. ಅಪಾಯ ಕಂಡು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡು ಹಿಡಿದರೆ, ಅಷ್ಟರೊಳಗೆ ಗಾಡಿ 11 ಮೀಟರ್ ಹೋಗಿರುತ್ತದೆ. ಒಟ್ಟು 25. ಬ್ರೇಕ್ ದೂರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಆದ್ದರಿಂದ 60ರಲ್ಲಿ ಒಟ್ಟು ಸುಮಾರು 48 ಮೀಟರ್, 80ರಲ್ಲಿ ಸುಮಾರು 78. ವೇಗ ಇಮ್ಮಡಿಯಾದಾಗ ದೂರ ಮೂರು ಪಟ್ಟು ಮೀರಿತು. ಮಳೆಗಾಲದ ಸಂಜೆ, ಎದುರಿನ ದೀಪ ಹೆಲ್ಮೆಟ್ ಗಾಜಿನ ಹನಿಗಳಲ್ಲಿ ಒಡೆದು ಚದುರುವಾಗ, ಕಪ್ಪು ದನವೊಂದು 78 ಮೀಟರ್ ದೂರದಲ್ಲಿ ಕಾಣುವುದಿಲ್ಲ. ಕಲಿಯದ ಕೈಯಾದರೆ ಇನ್ನೂ ಹೆಚ್ಚು ದೂರ ಬೇಕು.

ಘಟ್ಟ ಹತ್ತಿದರೆ ಪಾಠ ಬದಲಾಗುತ್ತದೆ. ಕುಮಟಾದಿಂದ ಶಿರಸಿಗೆ ದೇವಿಮನೆ, ಅಂಕೋಲಾದಿಂದ ಯಲ್ಲಾಪುರಕ್ಕೆ ಅರಬೈಲು, ಕಾರವಾರದಿಂದ ಜೋಯಿಡಾಕ್ಕೆ ಅಣಶಿ, ಹೊನ್ನಾವರದಿಂದ ಮೇಲಕ್ಕೆ ಗೇರುಸೊಪ್ಪೆ. ಬಲಕ್ಕೆ ತಿರುಗುವ ತಿರುವಿನಲ್ಲಿ ಹೊಸ ಸವಾರರು ಮಾಡುವ ತಪ್ಪು ಹೆಚ್ಚುಕಡಿಮೆ ಒಂದೇ. ಚಕ್ರವನ್ನು ನಡುಗೆರೆಯ ಅಂಚಿಗೇ ಓಡಿಸುತ್ತಾರೆ. ಚಕ್ರ ತನ್ನ ಪಾಲಿನ ರಸ್ತೆಯಲ್ಲೇ ಇರುತ್ತದೆ, ಆದರೆ ವಾಲಿದ ತಲೆ ಮತ್ತು ಭುಜ ಗೆರೆಯಾಚೆ, ಎದುರಿನ ಬಸ್ಸಿನ ದಾರಿಯಲ್ಲಿ. ತಿರುವಿಗೆ ಮುನ್ನ ವೇಗ ಇಳಿಸಿ, ಎಡಕ್ಕೆ ಇದ್ದು, ತಿರುವು ಬಿಚ್ಚಿಕೊಂಡ ಮೇಲೆ ಒಳಕ್ಕೆ ಬರುವುದನ್ನು ಯಾರಾದರೂ ಒಮ್ಮೆ ತೋರಿಸಿಕೊಟ್ಟರೆ ಸಾಕು, ಬುದ್ಧಿಗೆ ಹೊಳೆಯುತ್ತದೆ. ತೋರಿಸುವವರೇ ಇಲ್ಲ.

ಇಳಿಯುವಾಗ ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ಗೆ ಹಾಕಿ ಬಿಡುವ ರೂಢಿ ಇನ್ನೂ ಇದೆ. ಎಂಜಿನ್ನಿನ ಹಿಡಿತ ಕಳಚಿದ ಮೇಲೆ ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಡ್ರಮ್ ಬ್ರೇಕು ಕಾದಷ್ಟೂ ಹಿಡಿಯುವ ಶಕ್ತಿ ಕಳೆದುಕೊಳ್ಳುತ್ತದೆ. ಗೇರಿನ ಬೈಕಾದರೆ ಎರಡನೆಯ ಗೇರಿನಲ್ಲಿ ಇಳಿಸಬಹುದು. ಗೇರಿಲ್ಲದ ಸ್ಕೂಟರಿಗೆ ಆ ಅನುಕೂಲ ಬಹಳ ಕಡಿಮೆ. ಅದರ ಚಕ್ರವೂ ಚಿಕ್ಕದು, ಬೈಕು ದಾಟಿಹೋಗುವ ಹೊಂಡದಲ್ಲಿ ಸ್ಕೂಟರು ಸಿಕ್ಕಿಬೀಳುತ್ತದೆ. ಘಟ್ಟದ ಕೆಳಗಿನ ಕಾಲೇಜಿಗೋ ಕೆಲಸಕ್ಕೋ ಸ್ಕೂಟರಿನಲ್ಲಿ ಓಡಾಡುವ ಹೆಣ್ಣುಮಕ್ಕಳ ಸಂಖ್ಯೆ ಬೆಳೆಯುತ್ತಿರುವಾಗ ಸ್ಕೂಟರಿನದೇ ಆದ ಪಾಠ ಯಾವ ಕೋರ್ಸಿನಲ್ಲೂ ಮುಖ್ಯವಾಗಿಲ್ಲ ಎಂಬುದು ನನಗೆ ದೊಡ್ಡ ಕೊರತೆಯಾಗಿ ಕಾಣುತ್ತದೆ.

ತರಬೇತಿಯಿಂದ ಅಪಘಾತ ಇಳಿಯುತ್ತದೆಯೇ?

ತರಬೇತಿಯ ಪರವಾಗಿ ಬಹಳ ಸಲ ಉದ್ಧರಿಸುವ ಸಂಖ್ಯೆ 1981ರ ಹರ್ಟ್ ವರದಿಯದು. ಲಾಸ್ ಏಂಜಲೀಸ್ ಪ್ರದೇಶದಲ್ಲಿ 900 ಮೋಟಾರ್‌ಸೈಕಲ್ ಅಪಘಾತಗಳ ಸ್ಥಳಕ್ಕೇ ಹೋಗಿ ಅಧ್ಯಯನ ಮಾಡಿದ ತಂಡ, ಸವಾರರಲ್ಲಿ 92 ಪ್ರತಿಶತ ಮಂದಿ ತಾವೇ ಕಲಿತವರು ಅಥವಾ ಮನೆಯವರಿಂದ, ಗೆಳೆಯರಿಂದ ಕಲಿತವರು ಎಂದು ಕಂಡುಕೊಂಡಿತು. ಕೇಳಿದರೆ ನಮ್ಮೂರ ಕಥೆಯೇ ಎನಿಸುತ್ತದೆ.

ಆದರೆ ಎದುರುವಾದವೂ ಗಟ್ಟಿಯಾಗಿದೆ. ಆರೋಗ್ಯದ ವಿಷಯದಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ ವಿಮರ್ಶೆಯೊಂದು 2010ರಲ್ಲಿ ಪ್ರಕಟವಾಯಿತು. ಅದು ಜಗತ್ತಿನ 23 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿ, ತರಬೇತಿಯಿಂದ ಅಪಘಾತ ಕಡಿಮೆಯಾಗುತ್ತದೆ ಎಂದು ಖಚಿತವಾಗಿ ಹೇಳುವಷ್ಟು ಒಳ್ಳೆಯ ಪುರಾವೆ ಇಲ್ಲ ಎಂದಿತು. ತರಬೇತಿ ವ್ಯರ್ಥ ಎಂದು ಅದು ಹೇಳಲಿಲ್ಲ. ಇರುವ ಅಧ್ಯಯನಗಳ ಗುಣಮಟ್ಟ ಸಾಲದು ಎಂದಿತು. ಅಳೆಯುವುದು ಕಷ್ಟವಾದುದಕ್ಕೆ ಕಾರಣ ಸರಳ. ದುಡ್ಡು ಕೊಟ್ಟು ಕೋರ್ಸಿಗೆ ಹೋಗುವವರು ಮೊದಲೇ ಎಚ್ಚರಿಕೆಯವರಾಗಿರಬಹುದು. ಇಲ್ಲವೇ ಕೋರ್ಸು ಮುಗಿದ ಮೇಲೆ ಹೆಚ್ಚು ದೂರ ಓಡಿಸತೊಡಗಬಹುದು, ಆಗ ಅಪಘಾತದ ಅವಕಾಶವೂ ಹೆಚ್ಚುತ್ತದೆ.

ಇನ್ನೊಂದು ಎಚ್ಚರಿಕೆ ನಾರ್ವೆಯದು. ಅಲ್ಲಿ ಕಾರು ಚಾಲಕರಿಗೆ ಜಾರುವ ರಸ್ತೆಯ ತರಬೇತಿ ಕಡ್ಡಾಯ ಮಾಡಿದ ಮೇಲೆ ಯುವಕರ ಅಪಘಾತ ಇಳಿಯುವ ಬದಲು ಏರಿತು. ಜಾರಿದರೆ ಸಂಭಾಳಿಸಬಲ್ಲೆ ಎಂಬ ನಂಬಿಕೆ ಬಂತು, ಆ ನಂಬಿಕೆ ವೇಗಕ್ಕೆ ದಾರಿ ಮಾಡಿತು. ಕೋರ್ಸುಗಳನ್ನು ಹೋಲಿಸುವಾಗ ನನ್ನ ಮಟ್ಟಿಗೆ ಇದೇ ಮುಖ್ಯ ಒರೆಗಲ್ಲು. ಕೋರ್ಸು ಮುಗಿಸಿ ಬಂದ ಹುಡುಗ ‘ನನಗೆ ಬರುತ್ತದೆ’ ಎಂದುಕೊಳ್ಳುತ್ತಾನೋ, ಇಲ್ಲ ‘60ರಲ್ಲಿ ನಿಲ್ಲಲು ಇಷ್ಟು ದೂರ ಬೇಕೇ’ ಎಂದು ಬೆರಗಾಗುತ್ತಾನೋ? ಎರಡನೆಯದನ್ನು ಮಾಡಿಸುವ ಕೋರ್ಸು ಒಳ್ಳೆಯದು. ಬ್ರೇಕ್ ಹಿಡಿದ ಜಾಗಕ್ಕೂ ನಿಂತ ಜಾಗಕ್ಕೂ ಸುಣ್ಣದ ಗೆರೆ ಎಳೆದು, ಇಳಿದು ಹೆಜ್ಜೆ ಹಾಕಿ ಅಳೆಯಲು ಹೇಳಿದರೆ ಸಾಕು, ಭಾಷಣದ ಅಗತ್ಯ ಬೀಳುವುದಿಲ್ಲ.

ರಸ್ತೆ ಮೊದಲೋ, ಸವಾರ ಮೊದಲೋ?

ಜಿಲ್ಲೆಯಲ್ಲಿ ಈ ಚರ್ಚೆ ಎದ್ದಾಗ ಕೇಳಿಬರುವ ಖಾರದ ಮಾತು ಇದು: ರಸ್ತೆ ಸರಿ ಮಾಡದೆ ಸವಾರನಿಗೆ ಪಾಠ ಹೇಳುವುದೇಕೆ? 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆಯೇ ಜನ ಸತ್ತರು. ಮುಂದಿನ ತಿಂಗಳು, ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಯಾವ ತರಬೇತಿಯೂ ಇವುಗಳಿಂದ ಕಾಪಾಡುವುದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 198ಎ ಕಲಮು, ರಸ್ತೆಯ ವಿನ್ಯಾಸ ಮತ್ತು ನಿರ್ವಹಣೆಯ ಮಾನದಂಡ ಪಾಲಿಸದ ಗುತ್ತಿಗೆದಾರರಿಗೂ ಸಂಬಂಧಪಟ್ಟ ಪ್ರಾಧಿಕಾರಕ್ಕೂ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿದೆ. ಆ ಕಲಮನ್ನು ಹಿಡಿದು ಕೇಳುವ ಹಕ್ಕು ಜನರಿಗಿದೆ, ಕೇಳಬೇಕು.

ಹಾಗೆಂದು ರಸ್ತೆ ಸರಿಯಾಗುವ ತನಕ ಕಲಿಕೆಯನ್ನು ಮುಂದೂಡುವಂತಿಲ್ಲ, ಏಕೆಂದರೆ ನಾಳೆ ಬೆಳಿಗ್ಗೆಯೂ ಗಾಡಿ ಇದೇ ರಸ್ತೆಗೆ ಇಳಿಯುತ್ತದೆ. ಇನ್ನೊಂದು ಕಾರಣ ಈ ಜಿಲ್ಲೆಗೇ ಸೇರಿದ್ದು. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಬಂದಿದ್ದರೂ ತಲೆಗೆ ಗಂಭೀರ ಪೆಟ್ಟಾದವರನ್ನು ಗೋವಾಕ್ಕೋ ಹುಬ್ಬಳ್ಳಿಗೋ ಮಣಿಪಾಲಕ್ಕೋ ಒಯ್ಯುವ ಪರಿಸ್ಥಿತಿ ಹೋಗಿಲ್ಲ; ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ಬೇಡಿಕೆ ವರ್ಷಗಳಿಂದ ಬೇಡಿಕೆಯಾಗಿಯೇ ಇದೆ. ಬೇರೆ ಊರಿನಲ್ಲಿ ಬದುಕಿ ಉಳಿಯಬಹುದಾದ ಗಾಯ ಇಲ್ಲಿ ಆಂಬುಲೆನ್ಸಿನ ದಾರಿಯಲ್ಲೇ ಪ್ರಾಣ ತೆಗೆಯಬಹುದು. ಚಿಕಿತ್ಸೆ ದೂರವಿರುವ ಕಡೆ ಅಪಘಾತ ತಪ್ಪಿಸುವ ಒಂದೊಂದು ಮೀಟರಿಗೂ ಬೆಲೆ ಹೆಚ್ಚು.

ಹಿಂದಿನ ಸೀಟಿನ ಲೆಕ್ಕ

2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದವರು 1,68,491. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು, ಅಂದರೆ 44.5 ಪ್ರತಿಶತ. ಅದೇ ವರ್ಷ ಹೆಲ್ಮೆಟ್ ಇಲ್ಲದೆ ಸತ್ತವರು 50,029, ಇವರಲ್ಲಿ 14,337 ಮಂದಿ ಹಿಂದೆ ಕುಳಿತವರು. ಗಾಡಿ ಓಡಿಸುವ ಪರೀಕ್ಷೆಯನ್ನು ಎಲ್ಲರೂ ಒಬ್ಬರೇ ಕೂತು ಕೊಡುತ್ತಾರೆ. ಬದುಕಿನಲ್ಲಿ ಒಬ್ಬರೇ ಓಡಿಸುವುದು ಎಷ್ಟು ಸಲ? ಹೆಂಡತಿ, ನಡುವೆ ಮಗು, ಹಾಲಿನ ಕ್ಯಾನು, ಸೊಸೈಟಿಗೆ ಒಯ್ಯುವ ಅಡಿಕೆ ಚೀಲ, ಮೀನಿನ ಬುಟ್ಟಿ. ಹಿಂದೆ ಭಾರ ಬಿದ್ದಾಗ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ತೇಲಿದಂತಾಗುತ್ತದೆ, ನಿಲ್ಲುವ ದೂರ ಬದಲಾಗುತ್ತದೆ, ತಿರುವಿನಲ್ಲಿ ಗಾಡಿ ತಡವಾಗಿ ಮಾತು ಕೇಳುತ್ತದೆ.

ಹಿಂದೆ ಕೂರುವವರಿಗೂ ಪಾಠ ಬೇಕು. ಒಂದೇ ಬದಿಗೆ ಕಾಲು ಹಾಕಿ ಕೂತರೆ ಹೊಂಡದ ಕುಲುಕಿಗೆ ಹಿಡಿದುಕೊಳ್ಳಲು ಆಗುವುದಿಲ್ಲ. ಚಲಿಸುವ ಗಾಡಿಯಲ್ಲಿ ಕೊಡೆ ಬಿಚ್ಚಿದರೆ ಗಾಳಿ ಅದನ್ನು ಹಿಂದಕ್ಕೆ ಎಳೆಯುತ್ತದೆ, ಕೊಡೆ ಹಿಡಿದವರೂ ಅದರೊಂದಿಗೆ ಹೋಗುತ್ತಾರೆ. ಕರಾವಳಿಯಲ್ಲಿ ಹೀಗೆ ಬಿದ್ದು ಸತ್ತ ಸುದ್ದಿ ಮಳೆಗಾಲದಲ್ಲಿ ಓದುವುದು ಹೊಸದಲ್ಲ. ಹಿಂಬದಿಯವರಿಗೆ ಹಿಡಿಕೆ, ಕಾಲಿಡುವ ಜಾಗ, ಸೀರೆ ಸಿಲುಕದಂತೆ ಹಿಂದಿನ ಚಕ್ರಕ್ಕೆ ಅರ್ಧದಷ್ಟಾದರೂ ಮರೆ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮವೇ ಹೇಳುತ್ತದೆ. 4 ವರ್ಷದೊಳಗಿನ ಮಗುವಿಗೆ ಹೆಲ್ಮೆಟ್ ಮತ್ತು ಸವಾರನಿಗೆ ಬಿಗಿಯುವ ಪಟ್ಟಿ, 40ಕ್ಕಿಂತ ಹೆಚ್ಚಿಲ್ಲದ ವೇಗ ಎಂಬುದು 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಹೆಲ್ಮೆಟ್‌ಗೆ ಐಎಸ್‌ಐ ಗುರುತು, ಗಲ್ಲದ ಪಟ್ಟಿಗೆ ಬಿಗಿ. ಹೆಲ್ಮೆಟ್ ಸಾವಿನ ಅಪಾಯವನ್ನು 42 ಪ್ರತಿಶತ, ತಲೆಗೆ ಪೆಟ್ಟಾಗುವ ಅಪಾಯವನ್ನು 69 ಪ್ರತಿಶತ ತಗ್ಗಿಸುತ್ತದೆ ಎಂದು ಹೆಲ್ಮೆಟ್ ಬಗ್ಗೆ ನಡೆದ ಬೇರೊಂದು ಕಾಕ್ರೇನ್ ವಿಮರ್ಶೆ ಹೇಳಿದೆ. ತರಬೇತಿಯ ವಿಷಯದಲ್ಲಿ ಇದ್ದ ಅನುಮಾನ ಇಲ್ಲಿ ಇಲ್ಲ.

ಮುಂದೆ ಏನಾಗಬಹುದು?

ಮಾನ್ಯತೆ ಪಡೆದ ಕೇಂದ್ರಗಳು ಹೆಚ್ಚಿದಂತೆ ಪರೀಕ್ಷೆಯ ಭಾರ ಆರ್‌ಟಿಒದಿಂದ ಅವುಗಳ ಕಡೆಗೆ ಸರಿಯುತ್ತದೆ. ಕಲಿಸಿದವರೇ ಪಾಸು ಮಾಡುವಾಗ ಹೊರಗಿನ ತಪಾಸಣೆ ಸಡಿಲವಾದರೆ, ದುಡ್ಡು ಕಟ್ಟಿದವರಿಗೆಲ್ಲ ಪ್ರಮಾಣಪತ್ರ ಎಂಬಲ್ಲಿಗೆ ಬಂದು ನಿಲ್ಲುವ ಭಯವಿದೆ. ತಪಾಸಣೆ ಬಿಗಿಯಾಗಿದ್ದರೆ ಮಾತ್ರ ಇದು ಎಂಟಿಗಿಂತ ಎಷ್ಟೋ ಮೇಲಾದ ವ್ಯವಸ್ಥೆ. ಉತ್ತರ ಕನ್ನಡಕ್ಕೆ ಜಾಗದ ತೊಡಕು ಬೇರೆ ಇದೆ. ಜಿಲ್ಲೆಯ ಬಹುಪಾಲು ಕಾಡು. ಕರಾವಳಿಯ ಪೇಟೆಗಳ ಒಳಗೆ ಸಮತಟ್ಟಾದ 1 ಎಕರೆ ದುಬಾರಿ, ಸಿಮ್ಯುಲೇಟರಿನ ಬೆಲೆ ಅದರ ಮೇಲೆ. ಖಾಸಗಿಯವರು ಲೆಕ್ಕ ಹಾಕಿದರೆ ಮೊದಲು ಹುಬ್ಬಳ್ಳಿಯಂಥ ದೊಡ್ಡ ಊರಿಗೇ ಹೋಗುತ್ತಾರೆ. ಜೋಯಿಡಾದ ಹುಡುಗಿಗೆ, ಹೊನ್ನಾವರದ ಮೀನುಗಾರರ ಮನೆಯ ಹುಡುಗನಿಗೆ ವಾರಗಟ್ಟಲೆ ಅಲ್ಲಿಗೆ ಓಡಾಡುವುದು ಆಗುವ ಮಾತಲ್ಲ. ಅವರಿಗೆ ಎಂಟೇ ಗತಿಯಾಗುತ್ತದೆ.

ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಇಲ್ಲಿ ಮಾಡಬಹುದಾದ ಕೆಲಸಕ್ಕೆ ಕಟ್ಟಡ ಬೇಡ. ಕೆಎ 30ರ ಕಾರವಾರ, 31ರ ಶಿರಸಿ, 47ರ ಹೊನ್ನಾವರ, 65ರ ದಾಂಡೇಲಿ, ಹೀಗೆ ನಾಲ್ಕು ಕಡೆ ಸಾರಿಗೆ ಕಚೇರಿ ಇದೆ. ಕಾಲೇಜು ಮೈದಾನಗಳಿವೆ, ಪೊಲೀಸ್ ಕವಾಯತು ಮೈದಾನಗಳಿವೆ. ಒಬ್ಬರಿಗೆ ಆರು ಜನರಂತೆ ಕಲಿಸಬಲ್ಲ ಇಬ್ಬರು ತರಬೇತುದಾರರು, ಕೆಲವು ಕೋನು, ಸುಣ್ಣ, ಒಂದು ನೀರಿನ ಟ್ಯಾಂಕರು. ಅವರವರ ಗಾಡಿಯಲ್ಲೇ ಅರ್ಧ ದಿನ: ನಿಧಾನ ಓಡಿಸುವುದು, 40ರಿಂದ ನಿಲ್ಲುವುದು, ನೆಲ ಒದ್ದೆ ಮಾಡಿ ಮತ್ತೆ ನಿಲ್ಲುವುದು, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಮತ್ತೊಮ್ಮೆ. ಇನ್ನರ್ಧ ದಿನ, ಇಬ್ಬಿಬ್ಬರಾಗಿ, ಗುರು ಹಿಂದೆ ಬರುತ್ತಾ ಹತ್ತಿರದ ಘಟ್ಟದ ಮೊದಲ ಕೆಲವು ತಿರುವು. ಮೇ ತಿಂಗಳಲ್ಲಿ ಮೈದಾನಗಳು ಒಣಗಿ ಖಾಲಿ ಬಿದ್ದಿರುತ್ತವೆ, ಪಿಯುಸಿ ಮುಗಿಸಿದ ಮಕ್ಕಳು ಮನೆಯಲ್ಲಿರುತ್ತಾರೆ, ಮಳೆಗೆ ಇನ್ನೂ ಎರಡು ಮೂರು ವಾರ ಇರುತ್ತದೆ.